ಜಲಜನಕದ ಡ್ರೋನ್: ಮೊದಲು ನಿಮಿಷದ ಲೆಕ್ಕ, ಅನಂತರ ಖರೀದಿಯ ಮಾತು

ತ್ಯಾಮಗೊಂಡ್ಲು ಹೋಬಳಿಯ ಗ್ರಾಮ ಪಂಚಾಯತಿಗಳ ಚುನಾಯಿತ ಪ್ರತಿನಿಧಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ



ಡ್ರೋನ್ ಎಂಬುದು ಗ್ರಾಮ ಪಂಚಾಯತಿಗಳಿಗೆ ಈಗ ಹೊಸ ವಸ್ತುವಲ್ಲ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗ್ರಾಮಠಾಣದ ಆಸ್ತಿಗಳ ಎಲ್ಲೆಗೆ ಸುಣ್ಣದ ಗುರುತು ಹಾಕಿಸಿ, ಮೇಲಿನಿಂದ ಡ್ರೋನ್ ಚಿತ್ರ ತೆಗೆಯುವ ಕ್ರಮವನ್ನು ಸದಸ್ಯರನೇಕರು ಬಲ್ಲರು. ಔಷಧಿ ಸಿಂಪಡಿಸುವ ಡ್ರೋನ್‌ಗಳೂ ಹೊಲಗಳಿಗೆ ಬಂದಿವೆ. ಇವುಗಳೊಂದಿಗೆ ಈಗ ಇನ್ನೊಂದು ಮಾತು ಕೇಳಿಬರುತ್ತಿದೆ. ಬ್ಯಾಟರಿಗೆ ಬದಲಾಗಿ ಜಲಜನಕದಿಂದ, ಅಂದರೆ ಹೈಡ್ರೋಜನ್ ಅನಿಲದಿಂದ, ವಿದ್ಯುತ್ ಪಡೆದು ಗಂಟೆಗಟ್ಟಲೆ ಹಾರುವ ಡ್ರೋನ್‌ಗಳು ಬಂದಿವೆಯೆಂಬುದೇ ಆ ಮಾತು.

ಈ ಮಾತಿನಲ್ಲಿ ಸತ್ಯವಿದೆ. ಆದರೆ ಯಾವ ಕೆಲಸಕ್ಕೆ ಅದು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅರಿಯದೆ ಪಂಚಾಯತಿಯ ಹಣವನ್ನು ತೊಡಗಿಸಿದರೆ ಯಂತ್ರ ಮೂಲೆ ಸೇರುತ್ತದೆ. ಕೆಲಸಕ್ಕೆ ಬೇಕಾದ ನಿಮಿಷಗಳನ್ನು ಮೊದಲು ಎಣಿಸಬೇಕು, ಇಂಧನದ ಆಯ್ಕೆ ಅದರ ನಂತರದ್ದು. ಈ ಉಪನ್ಯಾಸದ ಸಾರ ಇಷ್ಟೇ.

ಆನೇಕಲ್ ತಾಲ್ಲೂಕಿನ ಒಂದು ಉದಾಹರಣೆ

ಕರ್ನಾಟಕದ ಹಳ್ಳಿಗಳ ಮೇಲೆಯೇ ನಡೆದ ಹಾರಾಟವೊಂದರಿಂದ ಲೆಕ್ಕವನ್ನು ಆರಂಭಿಸಬಹುದು. 2021ರ ನವೆಂಬರ್ 13ರಂದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು, ಅಂದರೆ ಎನ್‌ಎಎಲ್ ಸಂಸ್ಥೆಯು, ತಾನು ನಿರ್ಮಿಸಿದ ಎಂಟು ರೆಕ್ಕೆಚಕ್ರಗಳ ಡ್ರೋನ್ ಮೂಲಕ ಆನೇಕಲ್ ತಾಲ್ಲೂಕಿನ ಚಂದಾಪುರ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೋವಿಡ್ ಲಸಿಕೆಯನ್ನು ಕಳುಹಿಸಿತು. ಲಸಿಕೆಯ 50 ಶೀಶೆಗಳು, ಸಿರಿಂಜುಗಳು ಮತ್ತು ವಿಶೇಷ ಪೆಟ್ಟಿಗೆ ಸೇರಿ ಹೊರೆ ಸುಮಾರು 8 ಕೆ.ಜಿ. ಇತ್ತು. ಬೆಳಿಗ್ಗೆ 9.43ಕ್ಕೆ ಹೊರಟ ಡ್ರೋನ್ 9.53ಕ್ಕೆ ಹಾರಗದ್ದೆಯನ್ನು ಮುಟ್ಟಿತು. ಹೋಗಿಬರುವ ಒಟ್ಟು ದೂರ ಸುಮಾರು 14 ಕಿ.ಮೀ., ಹಿಡಿದ ಹೊತ್ತು ಸುಮಾರು 20 ನಿಮಿಷ.

ಆ ಡ್ರೋನ್ 15 ಕೆ.ಜಿ. ಹೊರೆ ಹೊರಬಲ್ಲದು, ಗಂಟೆಗೆ ಗರಿಷ್ಠ 36 ಕಿ.ಮೀ. ವೇಗದಲ್ಲಿ ಸಾಗಬಲ್ಲದು, ಸುಮಾರು 40 ನಿಮಿಷ ಗಾಳಿಯಲ್ಲಿ ನಿಲ್ಲಬಲ್ಲದು ಎಂದು ಸಂಸ್ಥೆಯು ಪ್ರಕಟಿಸಿದೆ. ಇದೇ ಸಾಮರ್ಥ್ಯದ ಡ್ರೋನ್ ಅನ್ನು ನೆಲಮಂಗಲ ತಾಲ್ಲೂಕಿಗೆ ತಂದು ನೋಡಬಹುದು.

ನೆಲಮಂಗಲದಿಂದ ತ್ಯಾಮಗೊಂಡ್ಲುವಿಗೆ ಹಕ್ಕಿ ಹಾರುವ ದಾರಿಯಲ್ಲಿ 15 ಕಿ.ಮೀ. ಆಸುಪಾಸು ದೂರ. ರಾಗಿ ಕೊಯ್ಲಿನ ಕಾಲದಲ್ಲಿ ಹೋಬಳಿಯ ಹೊಲವೊಂದರಲ್ಲಿ ಕೂಲಿಯಾಳಿಗೆ ಕೊಳಕುಮಂಡಲ ಕಚ್ಚಿತೆಂದು ಭಾವಿಸಬೇಕು. ಅವರನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಂದಾಗಿದೆ, ವೈದ್ಯರೂ ಇದ್ದಾರೆ, ಆದರೆ ವಿಷನಿರೋಧಕ ಚುಚ್ಚುಮದ್ದಿನ ಶೀಶೆಗಳು ಸಾಲದೆ ಬಂದಿವೆ. ಮೊದಲ ಸುತ್ತಿಗೇ ಸಾಮಾನ್ಯವಾಗಿ 10 ಶೀಶೆಗಳು ಬೇಕಾಗುತ್ತವೆ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಇದು ಹಳ್ಳಿಗಳಲ್ಲಿ ಪ್ರಾಣದ ಪ್ರಶ್ನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗಂಟೆಗೆ 36 ಕಿ.ಮೀ. ವೇಗದಲ್ಲಿ 15 ಕಿ.ಮೀ. ಕ್ರಮಿಸಲು 25 ನಿಮಿಷ ಬೇಕು. 40 ನಿಮಿಷದ ಬ್ಯಾಟರಿಯಲ್ಲಿ ಡ್ರೋನ್ ತ್ಯಾಮಗೊಂಡ್ಲುವನ್ನು ಮುಟ್ಟುತ್ತದೆ. ಮರಳಿ ಹೋಗಲು ಇನ್ನೂ 25 ನಿಮಿಷ ಬೇಕು, ಉಳಿದಿರುವುದು 15 ಮಾತ್ರ. ಎದುರುಗಾಳಿ ಬೀಸಿದರೆ ಅದೂ ಉಳಿಯದು. ಅಂದರೆ ಬ್ಯಾಟರಿಯ ಡ್ರೋನ್ ಔಷಧಿಯನ್ನು ತರಬಲ್ಲದು, ತಾನಾಗಿ ಹಿಂತಿರುಗಲಾರದು. ಎರಡು ಗಂಟೆ ಹಾರಬಲ್ಲ ಜಲಜನಕದ ಡ್ರೋನ್ ಆದರೆ ಹೋಗಿ, ಬಂದು, ಮತ್ತೊಮ್ಮೆ ಹೋಗಿಬರಬಹುದು.

ಇಷ್ಟನ್ನೇ ಕೇಳಿದವರಿಗೆ ಜಲಜನಕವೇ ಮೇಲೆಂದು ತೋರುವುದು ಸಹಜ. ಆದರೆ ತ್ಯಾಮಗೊಂಡ್ಲು ಆರೋಗ್ಯ ಕೇಂದ್ರದಲ್ಲಿ ಚಾರ್ಜ್ ಆದ ಇನ್ನೊಂದು ಜೊತೆ ಬ್ಯಾಟರಿ ಇದ್ದರೆ ಅದೇ ಕೊರತೆ ತೀರುತ್ತದೆ. ಮೊದಲೇ ಹತ್ತು ಶೀಶೆಗಳ ದಾಸ್ತಾನು ಅಲ್ಲಿದ್ದರೆ ಡ್ರೋನ್ ಬೇಕಾಗುವ ಸಂದರ್ಭವೇ ವಿರಳವಾಗುತ್ತದೆ. ಯಾವ ಡ್ರೋನ್ ಇದ್ದರೂ ಕಡಿತಕ್ಕೊಳಗಾದವರನ್ನು ತಡಮಾಡದೆ ವೈದ್ಯರ ಬಳಿಗೆ ಸಾಗಿಸುವುದೇ ಮೊದಲ ಕೆಲಸ. ಡ್ರೋನ್ ಬರಲಿ ಎಂದು ಹೊಲದಲ್ಲಿ ಕಾಯುವಂತಿಲ್ಲ.

ಬುತ್ತಿ ಮತ್ತು ಒಲೆ

ಬ್ಯಾಟರಿಗೂ ಇಂಧನ ಕೋಶಕ್ಕೂ ಇರುವ ವ್ಯತ್ಯಾಸವನ್ನು ಬುತ್ತಿ ಮತ್ತು ಒಲೆಯ ಹೋಲಿಕೆಯಿಂದ ತಿಳಿಯಬಹುದು. ಒಂದು ಹೊತ್ತಿನ ಕೆಲಸಕ್ಕೆ ಹೊಲಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಎಂಟು ದಿನದ ಜಾತ್ರೆಗೆ ಗಾಡಿ ಹೂಡಿ ಹೊರಟವರು ಎಂಟು ದಿನದ ಬುತ್ತಿಯನ್ನು ಹೊರುವುದಿಲ್ಲ, ಒಲೆ, ಪಾತ್ರೆ, ಅಕ್ಕಿಯನ್ನು ಒಯ್ಯುತ್ತಾರೆ. ಒಲೆ ಪಾತ್ರೆಗಳ ಭಾರ ಒಂದು ದಿನಕ್ಕೂ ಅಷ್ಟೇ, ಎಂಟು ದಿನಕ್ಕೂ ಅಷ್ಟೇ. ಹೆಚ್ಚುವುದು ಅಕ್ಕಿಯ ಭಾರ ಮಾತ್ರ. ಬ್ಯಾಟರಿ ಬುತ್ತಿಯಂತೆ, ವಿದ್ಯುತ್ತನ್ನು ಮೊದಲೇ ತುಂಬಿಕೊಂಡಿರುತ್ತದೆ. ಇಂಧನ ಕೋಶ ಒಲೆಯಂತೆ, ಹಾರುತ್ತಿರುವಾಗಲೇ ಜಲಜನಕದಿಂದ ವಿದ್ಯುತ್ತನ್ನು ಉತ್ಪಾದಿಸುತ್ತದೆ.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಇಂಧನ ಕೋಶದಲ್ಲಿ ಬೆಂಕಿ ಇಲ್ಲ. ತೆಳುವಾದ ಪೊರೆಯ ಒಂದು ಬದಿಗೆ ಜಲಜನಕ, ಇನ್ನೊಂದು ಬದಿಗೆ ಗಾಳಿ ಹರಿಯುತ್ತದೆ. ಪ್ಲಾಟಿನಂ ಲೇಪದ ಮೇಲೆ ಜಲಜನಕದ ಪರಮಾಣುವು ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗಿ ಬೇರೆಯಾಗುತ್ತದೆ. ಪೊರೆಯು ಪ್ರೋಟಾನನ್ನು ಮಾತ್ರ ದಾಟಲು ಬಿಡುತ್ತದೆ, ಎಲೆಕ್ಟ್ರಾನ್ ತಂತಿಯ ಮೂಲಕ ಸುತ್ತಿ ಬರಬೇಕು. ಆ ಸುತ್ತುವಿಕೆಯೇ ಡ್ರೋನ್‌ನ ಮೋಟಾರುಗಳನ್ನು ತಿರುಗಿಸುವ ವಿದ್ಯುತ್. ಕೊನೆಗೆ ಎರಡೂ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನೀರಾಗುತ್ತವೆ. ಹೊಗೆ ಇಲ್ಲ, ಹೊರಬೀಳುವುದು ನೀರು ಮತ್ತು ಬಿಸಿ. ಒಂದು ಕೋಶದಿಂದ ಸಿಗುವುದು ಒಂದು ವೋಲ್ಟ್‌ಗಿಂತ ಕಡಿಮೆಯಾದುದರಿಂದ ಹಲವಾರು ಕೋಶಗಳನ್ನು ಒಂದರ ಪಕ್ಕ ಒಂದು ಜೋಡಿಸಿರುತ್ತಾರೆ.

ಈ ಕೋಶಗಳಿಗೆ ಒಂದು ದೌರ್ಬಲ್ಯವಿದೆ. ಮೇಲೇರುವಾಗ ಅಥವಾ ಆಷಾಢದ ಗಾಳಿ ಹಠಾತ್ತನೆ ತಳ್ಳಿದಾಗ ಮೋಟಾರುಗಳು ಒಮ್ಮೆಲೇ ಹೆಚ್ಚು ವಿದ್ಯುತ್ ಬೇಡುತ್ತವೆ. ಕೋಶಗಳು ಅಷ್ಟು ಬೇಗ ಸ್ಪಂದಿಸಲಾರವು. ಆದಕಾರಣ ಜಲಜನಕದ ಡ್ರೋನ್‌ನಲ್ಲಿಯೂ ಒಂದು ಚಿಕ್ಕ ಬ್ಯಾಟರಿ ಇದ್ದೇ ಇರುತ್ತದೆ.

ತೂಕದ ಲೆಕ್ಕ

ಒಂದು ಕೆ.ಜಿ. ಜಲಜನಕದಲ್ಲಿ ಸುಮಾರು 33 ಯೂನಿಟ್ ಶಕ್ತಿ ಅಡಗಿದೆ. ಇಂಧನ ಕೋಶವು ಅದರಲ್ಲಿ ಅರ್ಧದಷ್ಟನ್ನು ವಿದ್ಯುತ್ತಾಗಿ ಕೊಡುತ್ತದೆ. ಡ್ರೋನ್‌ಗಳಲ್ಲಿ ಬಳಸುವ ಲಿಥಿಯಂ ಬ್ಯಾಟರಿಯ ಒಂದು ಕೆ.ಜಿ.ಯಲ್ಲಿ ಸುಮಾರು 0.2 ಯೂನಿಟ್ ಇರುತ್ತದೆ. ಈ ಎರಡು ಅಂಕಿಗಳನ್ನು ಮಾತ್ರ ಪಕ್ಕಪಕ್ಕ ಇಟ್ಟರೆ ಜಲಜನಕ ಎಷ್ಟೋ ಪಟ್ಟು ಮೇಲೆನಿಸುತ್ತದೆ. ಮಾರಾಟದ ಮಾತುಗಳಲ್ಲಿ ಮೊದಲು ಬರುವುದೂ ಇದೇ ಹೋಲಿಕೆ. ಆದರೆ ಅನಿಲದ ಜೊತೆಗೆ ಅದನ್ನು ಹಿಡಿದಿಡುವ ಸಿಲಿಂಡರನ್ನೂ ಇಂಧನ ಕೋಶವನ್ನೂ ಡ್ರೋನ್ ಹೊರಬೇಕಲ್ಲವೇ?

ಹಾರಲು 2 ಕಿಲೋವ್ಯಾಟ್ ಬೇಡುವ ಡ್ರೋನ್ ಒಂದನ್ನು ಅಂದಾಜಿಗೆ ತೆಗೆದುಕೊಳ್ಳಬಹುದು. ಅರ್ಧ ಗಂಟೆಗೆ 1 ಯೂನಿಟ್ ವಿದ್ಯುತ್ ಬೇಕು, ಅದಕ್ಕೆ 5 ಕೆ.ಜಿ. ಬ್ಯಾಟರಿ ಸಾಕು. ಜಲಜನಕವಾದರೆ 60 ಗ್ರಾಂ ಸಾಲುತ್ತದೆ, ಆದರೆ ಸಿಲಿಂಡರ್ ಮತ್ತು ಸುಮಾರು 5 ಕೆ.ಜಿ. ತೂಗುವ ಇಂಧನ ಕೋಶ ಸೇರಿದಾಗ ಭಾರ 6 ಕೆ.ಜಿ. ಮೀರುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಬ್ಯಾಟರಿಯೇ ಹಗುರ.

ಎರಡು ಗಂಟೆಯ ಹಾರಾಟಕ್ಕೆ ಲೆಕ್ಕ ತಿರುಗುಮುರುಗಾಗುತ್ತದೆ. 4 ಯೂನಿಟ್ ವಿದ್ಯುತ್ತಿಗೆ 20 ಕೆ.ಜಿ. ಬ್ಯಾಟರಿ ಬೇಕು. ಅಷ್ಟನ್ನು ಹೊತ್ತ ಡ್ರೋನ್ ತನ್ನ ಬ್ಯಾಟರಿಯನ್ನೇ ಹೊರಲು ಬಳಲುತ್ತದೆ. ಜಲಜನಕವಾದರೆ 240 ಗ್ರಾಂ ಸಾಕು. ಇಂಗಾಲದ ನಾರಿನಿಂದ ಮಾಡಿದ ಹಗುರ ಸಿಲಿಂಡರಿಗೆ ಸುಮಾರು 5 ಕೆ.ಜಿ., ಇಂಧನ ಕೋಶಕ್ಕೆ 5 ಕೆ.ಜಿ., ಒಟ್ಟು ಸುಮಾರು 10 ಕೆ.ಜಿ. ಆಗುತ್ತದೆ. ಹೀಗೆ ಮುಕ್ಕಾಲು ಗಂಟೆಯ ಆಸುಪಾಸಿನವರೆಗೆ ಬ್ಯಾಟರಿ, ಅದನ್ನು ಚೆನ್ನಾಗಿ ಮೀರಿದ ಮೇಲೆ ಜಲಜನಕ ಎಂಬುದು ಸ್ಥೂಲವಾದ ಎಲ್ಲೆ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. 2019ರಲ್ಲಿ ದಕ್ಷಿಣ ಕೊರಿಯಾದ ಡೂಸಾನ್ ಕಂಪನಿಯ ಜಲಜನಕ ಡ್ರೋನ್ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಸಮುದ್ರದ ಮೇಲೆ ಸುಮಾರು 69 ಕಿ.ಮೀ. ದೂರವನ್ನು 1 ಗಂಟೆ 43 ನಿಮಿಷದಲ್ಲಿ ಕ್ರಮಿಸಿತು. ನಡುವೆ ಇಳಿದು ಬ್ಯಾಟರಿ ಬದಲಿಸಲು ನೆಲವೇ ಇಲ್ಲದ ದಾರಿ ಅದು. ಅಂತಹ ಕಡೆ ಜಲಜನಕಕ್ಕೆ ಅರ್ಥವಿದೆ. ಅದೇ ವರ್ಷ ಕೊರಿಯಾದ ಇನ್ನೊಂದು ಸಂಸ್ಥೆಯ ಡ್ರೋನ್ ದ್ರವರೂಪದ ಜಲಜನಕದಿಂದ 12 ಗಂಟೆಗೂ ಹೆಚ್ಚು ಕಾಲ ಹಾರಿತು. ಆದರೆ ಜಲಜನಕವನ್ನು ದ್ರವವಾಗಿ ಇಡಲು ಶೂನ್ಯಕ್ಕಿಂತ 253 ಡಿಗ್ರಿ ಕೆಳಗಿನ ಶೈತ್ಯ ಬೇಕು. ದಾಖಲೆಗಾಗಿ ನಡೆದ ಹಾರಾಟವನ್ನು ದಿನನಿತ್ಯದ ಸೇವೆಯ ಭರವಸೆಯೆಂದು ಭಾವಿಸಲಾಗದು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಆಫ್ರಿಕಾದ ರುವಾಂಡಾದ್ದು. ಅಲ್ಲಿ 2016ರಿಂದ ಜಿಪ್‌ಲೈನ್ ಕಂಪನಿಯು ಹಳ್ಳಿಯ ಆಸ್ಪತ್ರೆಗಳಿಗೆ ಡ್ರೋನ್ ಮೂಲಕ ರಕ್ತವನ್ನು ತಲುಪಿಸುತ್ತಿದೆ. ಸುಮಾರು 80 ಕಿ.ಮೀ. ದೂರದವರೆಗಿನ ಆಸ್ಪತ್ರೆಗಳಿಗೆ ಹೋಗಿಬರುವ ಆ ಡ್ರೋನ್‌ಗಳು ಬ್ಯಾಟರಿಯಿಂದಲೇ ಹಾರುತ್ತವೆ. ಅವು ವಿಮಾನದಂತೆ ಚಾಚಿದ ರೆಕ್ಕೆಯುಳ್ಳವು. ರೆಕ್ಕೆಯೇ ಭಾರವನ್ನು ಎತ್ತಿಹಿಡಿಯುವುದರಿಂದ ವಿದ್ಯುತ್ ಬಹಳ ಉಳಿಯುತ್ತದೆ. ದೂರ ಹೋಗಬೇಕೆಂದರೆ ಇಂಧನವನ್ನು ಬದಲಿಸುವ ಮೊದಲು ಡ್ರೋನ್‌ನ ಆಕಾರವನ್ನು ಬದಲಿಸಿ ನೋಡುವುದೂ ಒಂದು ದಾರಿ.

ಸಿಲಿಂಡರ್ ಎಲ್ಲಿಂದ ಬರುತ್ತದೆ?

ಜಲಜನಕದ ಡ್ರೋನ್ ಖರೀದಿಸುವ ಪ್ರಸ್ತಾವ ಬಂದಾಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ ಇದು. ಬ್ಯಾಟರಿಗೆ ಬೇಕಾದುದು ಗೋಡೆಯ ಪ್ಲಗ್ಗು. ಜಲಜನಕಕ್ಕೆ ಬೇಕಾದುದು ತಯಾರಿಕೆ, ಶುದ್ಧೀಕರಣ, ಒತ್ತಡ, ಸಾಗಣೆ, ದಾಸ್ತಾನು ಎಂಬ ಒಂದು ಸರಪಣಿ. ಅದರ ಒಂದು ಕೊಂಡಿ ಕಳಚಿದರೂ ಡ್ರೋನ್ ನೆಲದಲ್ಲಿಯೇ ಉಳಿಯುತ್ತದೆ.

ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕೆ.ಜಿ. ಜಲಜನಕ ಪಡೆಯಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಮೇಲೆ ಹೇಳಿದ 240 ಗ್ರಾಂಗೆ ಸುಮಾರು 13 ಯೂನಿಟ್ ಆಗುತ್ತದೆ. ಅದರಿಂದ ಆಕಾಶದಲ್ಲಿ ಸಿಗುವುದು 4 ಯೂನಿಟ್. ಬ್ಯಾಟರಿಯಲ್ಲಿ ಇಷ್ಟು ನಷ್ಟವಿಲ್ಲ. ನೈಸರ್ಗಿಕ ಅನಿಲದಿಂದ ತಯಾರಿಸಿದರೆ ಅಗ್ಗ, ಆದರೆ ಪ್ರತಿ ಕೆ.ಜಿ. ಜಲಜನಕಕ್ಕೆ 9 ಕೆ.ಜಿ.ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆಗ ಹೊಗೆಯಿಲ್ಲದ ಡ್ರೋನ್ ಎಂಬ ಮಾತು ಅರ್ಧಸತ್ಯವಾಗುತ್ತದೆ.

ಭರವಸೆಯ ದಾರಿಗಳೂ ಇವೆ. ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಅನುಮೋದನೆ ನೀಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೃಷಿತ್ಯಾಜ್ಯದಂತಹ ಒಣ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯೊಂದಿಗೆ ಕಾಯಿಸಿ, ಒಂದು ಕೆ.ಜಿ. ಜೀವರಾಶಿಯಿಂದ 100 ಗ್ರಾಂ ಜಲಜನಕ ಪಡೆಯುವ ವಿಧಾನವನ್ನು ರೂಪಿಸಿದ್ದಾರೆ. ತೆಂಗು ಅಡಿಕೆಗಳ ಸೀಮೆಗೆ ಇದು ಮುಂದೊಂದು ದಿನ ಉಪಯುಕ್ತವಾಗಬಹುದು. ಆದರೆ ಇಂಧನ ಕೋಶಕ್ಕೆ ಸಲ್ಲುವ ಜಲಜನಕ ಶೇ. 99.97ರಷ್ಟು ಶುದ್ಧವಾಗಿರಬೇಕು. ಇಂಗಾಲದ ಮಾನಾಕ್ಸೈಡ್ ಲೇಶಮಾತ್ರ ಬೆರೆತರೂ ಪ್ಲಾಟಿನಂ ಲೇಪ ಕೆಡುತ್ತದೆ. ಊರ ಅಂಚಿನ ಶೆಡ್ಡಿನಲ್ಲಿ ಮಾಡಿಕೊಳ್ಳುವ ಕೆಲಸ ಇದಲ್ಲ.

ಸುರಕ್ಷತೆ

240 ಗ್ರಾಂ ಜಲಜನಕವು ಸಾಮಾನ್ಯ ಒತ್ತಡದಲ್ಲಿ ಸುಮಾರು 2,900 ಲೀಟರ್ ಜಾಗ ಹಿಡಿಯುತ್ತದೆ. ಅದನ್ನು ಸುಮಾರು 10 ಲೀಟರ್ ಸಿಲಿಂಡರಿನಲ್ಲಿ ಅಡಗಿಸಲು ವಾತಾವರಣದ 350 ಪಟ್ಟು ಒತ್ತಡ ಬೇಕು. ಮನೆಯ ಅಡುಗೆ ಅನಿಲದ ಸಿಲಿಂಡರಿನ ಒತ್ತಡ ಇದರ ಮುಂದೆ ಬಹಳ ಅಲ್ಪ. ಆದುದರಿಂದ ಅಡುಗೆ ಅನಿಲದ ಅನುಭವವನ್ನೇ ನಂಬಿ ಇದನ್ನು ನಿರ್ವಹಿಸುವಂತಿಲ್ಲ.

ಅಡುಗೆ ಅನಿಲ ಸೋರಿದರೆ ನೆಲಕ್ಕೆ ಇಳಿದು ಹರಡುತ್ತದೆ, ಅದಕ್ಕೆ ಸೇರಿಸಿದ ವಾಸನೆಯಿಂದ ಗೊತ್ತಾಗುತ್ತದೆ. ಜಲಜನಕ ಗಾಳಿಗಿಂತ 14 ಪಟ್ಟು ಹಗುರವಾದುದರಿಂದ ಮೇಲಕ್ಕೇರುತ್ತದೆ. ಬಯಲಿನಲ್ಲಿ ಇದು ಅನುಕೂಲವೇ, ಅನಿಲ ಬೇಗ ಚದುರಿಹೋಗುತ್ತದೆ. ಮುಚ್ಚಿದ ಕೋಣೆಯಲ್ಲಾದರೆ ಅದು ಚಾವಣಿಯಡಿ ಸೇರಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ವಾಸನೆ ಬೆರೆಸಿದರೆ ಇಂಧನ ಕೋಶ ಹಾಳಾಗುತ್ತದೆ. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಬೆರೆತಾಗ ಕಿಡಿಯೊಂದು ಸಾಕು, ಹೊತ್ತಿಕೊಳ್ಳುತ್ತದೆ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಪಂಚಾಯತಿ ಕಚೇರಿಯ ಹಿಂದಿನ ಉಗ್ರಾಣದಲ್ಲಾಗಲಿ, ಅಂಗನವಾಡಿ ಅಥವಾ ಶಾಲೆಯ ಪಕ್ಕದಲ್ಲಾಗಲಿ ಸಿಲಿಂಡರನ್ನು ಇಡಕೂಡದು. ಮೇಲ್ಭಾಗದಲ್ಲಿ ಗಾಳಿ ಹೊರಹೋಗುವ ವ್ಯವಸ್ಥೆ, ಸೋರಿಕೆ ಸೂಚಕ ಯಂತ್ರ ಮತ್ತು ತರಬೇತಿ ಪಡೆದ ಸಿಬ್ಬಂದಿ ಅತ್ಯಗತ್ಯ. ಇಂತಹ ಸಿಲಿಂಡರುಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ.

ಆಕಾಶದ ನಿಯಮ

2021ರ ಡ್ರೋನ್ ನಿಯಮಗಳು ಇಂಧನ ಯಾವುದೇ ಇದ್ದರೂ ಅನ್ವಯಿಸುತ್ತವೆ. ಒಟ್ಟು ತೂಕ 2 ಕೆ.ಜಿ. ಮೀರಿ 25 ಕೆ.ಜಿ. ತನಕ ಇರುವ ಡ್ರೋನ್ ಸಣ್ಣ ವರ್ಗಕ್ಕೆ, ಅದನ್ನು ಮೀರಿ 150 ಕೆ.ಜಿ. ತನಕ ಇರುವುದು ಮಧ್ಯಮ ವರ್ಗಕ್ಕೆ ಸೇರುತ್ತದೆ. ಡ್ರೋನ್‌ಗೆ ವಿಶಿಷ್ಟ ಗುರುತಿನ ಸಂಖ್ಯೆ, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ನೆಲದಿಂದಲೇ ಹಳದಿ ವಲಯ ಆರಂಭವಾಗುತ್ತದೆ, 8ರಿಂದ 12 ಕಿ.ಮೀ. ನಡುವೆ 200 ಅಡಿಯ ಮೇಲೆ ಹಳದಿ ವಲಯ. ಅಲ್ಲಿ ವಾಯುಸಂಚಾರ ನಿಯಂತ್ರಕರ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸುತ್ತಲಿನ ದೇವನಹಳ್ಳಿ ತಾಲ್ಲೂಕಿನ ಪಂಚಾಯತಿಗಳಿಗೆ ಇದು ಮುಖ್ಯ. ತ್ಯಾಮಗೊಂಡ್ಲು ಆ ನಿಲ್ದಾಣದಿಂದ ಬಹಳ ದೂರವಿದ್ದರೂ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡದೆ ಯಾರೂ ಹಾರಿಸಬಾರದು. ಹಾರಿಸುವವರ ಕಣ್ಣಳತೆಯನ್ನು ಮೀರಿದ ಹಾರಾಟಕ್ಕೆ ಪ್ರತ್ಯೇಕ ಅನುಮತಿ ಬೇಕು. ಎರಡು ಗಂಟೆ ಹಾರಬಲ್ಲ ಡ್ರೋನ್ ಕೊಂಡು ಕಣ್ಣಳತೆಯೊಳಗೇ ಹಾರಿಸಬೇಕಾಗಿ ಬಂದರೆ ಕೊಟ್ಟ ಹಣ ವ್ಯರ್ಥ.

ಯಾವ ಕೆಲಸಕ್ಕೆ ಯಾವುದು

ಔಷಧಿ ಸಿಂಪಡಣೆಗೆ ಬ್ಯಾಟರಿಯೇ ಯೋಗ್ಯ. ಸಿಂಪಡಿಸುವ ಡ್ರೋನ್ ತೊಟ್ಟಿ ಬರಿದಾದಾಗಲೆಲ್ಲ ಕೆಳಗಿಳಿಯಲೇಬೇಕು, ಅದೇ ವೇಳೆಗೆ ಬ್ಯಾಟರಿಯನ್ನೂ ಬದಲಿಸಬಹುದು. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಒಂದು ಡ್ರೋನ್‌ನೊಂದಿಗೆ ನಾಲ್ಕು ಹೆಚ್ಚುವರಿ ಜೊತೆ ಬ್ಯಾಟರಿಗಳನ್ನು ಕೊಡುವ ಏರ್ಪಾಡಿದೆ. ಇದರಿಂದ ದಿನಕ್ಕೆ 20 ಎಕರೆಯವರೆಗೆ ಸಿಂಪಡಿಸಬಹುದೆಂಬುದು ಯೋಜನೆಯ ಅಂದಾಜು. ಆರೋಗ್ಯ ಕೇಂದ್ರಗಳ ನಡುವಿನ ಔಷಧಿ ಸಾಗಣೆಗೂ ತಾಲ್ಲೂಕಿನ ದೂರಗಳಲ್ಲಿ ಬ್ಯಾಟರಿಯೇ ಸಾಕು.

ಜಲಜನಕಕ್ಕೆ ತಕ್ಕ ಕೆಲಸಗಳು ಬೇರೆ. ಶಿವಗಂಗೆಯಲ್ಲಿ ಹುಟ್ಟಿ ತಿಪ್ಪಗೊಂಡನಹಳ್ಳಿ ಜಲಾಶಯದತ್ತ ಹರಿಯುವ ಕುಮುದ್ವತಿಯ ಕಣಿವೆಯ ಕೆರೆಗಳನ್ನೂ ರಾಜಕಾಲುವೆಗಳನ್ನೂ ಒಂದೇ ಓಟದಲ್ಲಿ ಅಳೆಯುವುದು, ಉದ್ದನೆಯ ವಿದ್ಯುತ್ ಮಾರ್ಗಗಳ ತಪಾಸಣೆ, ಬೇಸಗೆಯಲ್ಲಿ ಕಾಡ್ಗಿಚ್ಚಿನ ಮೇಲೆ ಸತತ ಕಣ್ಣಿಡುವುದು, ನೆರೆಯಲ್ಲಿ ಸಿಲುಕಿದವರ ಶೋಧ ಇವೆಲ್ಲ ಇಳಿಯದೆ ದೀರ್ಘಕಾಲ ಹಾರಬೇಕಾದ ಕೆಲಸಗಳು. ಇವು ಒಂದೇ ಪಂಚಾಯತಿಯ ಎಲ್ಲೆಯೊಳಗೆ ಮುಗಿಯುವವೂ ಅಲ್ಲ. ಆದಕಾರಣ ಜಲಜನಕದ ಡ್ರೋನ್ ಬೇಕೆನಿಸಿದರೆ ಅದು ಹಲವು ಪಂಚಾಯತಿಗಳು ಕೂಡಿ, ತಾಲ್ಲೂಕು ಅಥವಾ ಜಿಲ್ಲಾ ಮಟ್ಟದಲ್ಲಿ, ಸೇವೆಯ ರೂಪದಲ್ಲಿ ಬಾಡಿಗೆಗೆ ಪಡೆಯಬೇಕಾದ ವಸ್ತು. ಪ್ರತಿ ಪಂಚಾಯತಿಯೂ ಕೊಂಡು ಇಡಬೇಕಾದ ವಸ್ತುವಲ್ಲ.

ಪ್ರಸ್ತಾವ ಸಭೆಯ ಮುಂದೆ ಬಂದಾಗ ಸದಸ್ಯರು ಈ ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಲಿಖಿತವಾಗಿ ಪಡೆಯುವುದು ಒಳಿತು:

1. ಉದ್ದೇಶಿತ ಕೆಲಸಕ್ಕೆ ಇಳಿಯದೆ ಎಷ್ಟು ನಿಮಿಷ ಹಾರಬೇಕು? ಬದಲಿ ಬ್ಯಾಟರಿಯಿಂದ ಅದು ಸಾಧ್ಯವಿಲ್ಲವೇ?
2. ಹೇಳಿರುವ ಹಾರಾಟದ ಅವಧಿ ಹೊರೆ ಸಹಿತವೋ, ಹೊರೆ ರಹಿತವೋ?
3. ಸಿಲಿಂಡರ್ ಎಲ್ಲಿ ತುಂಬುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಾರದಿದ್ದರೆ ಹೊಣೆ ಯಾರದು?
4. ಸಿಲಿಂಡರ್ ಇಡುವ ಸ್ಥಳ ಯಾವುದು, ಪರವಾನಗಿ ಯಾರ ಹೆಸರಿನಲ್ಲಿದೆ?
5. ಜಲಜನಕ ಯಾವುದರಿಂದ ತಯಾರಾದುದು?
6. ಹಾರಾಟದ ಅನುಮತಿ, ವಿಮೆ ಮತ್ತು ಪೈಲಟ್ ಪ್ರಮಾಣಪತ್ರಗಳ ಪ್ರತಿ ಇದೆಯೇ?

ಖರೀದಿಯಾಗಲಿ ಬಾಡಿಗೆಯಾಗಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಚೌಕಟ್ಟಿನಲ್ಲಿಯೇ ನಡೆಯತಕ್ಕದ್ದು. ಹಾರಾಟದ ದಿನ ಮತ್ತು ಉದ್ದೇಶವನ್ನು ಮುಂಚಿತವಾಗಿ ಗ್ರಾಮಸಭೆಯಲ್ಲಿ ತಿಳಿಸಿ, ಊರಿನಲ್ಲಿ ಡಂಗುರ ಹೊಡೆಸುವುದು ಉತ್ತಮ. ಮನೆಯಂಗಳದ ಮೇಲೆ ಕ್ಯಾಮೆರಾ ಹಾರುವಾಗ ಕಾರಣ ತಿಳಿಯುವ ಹಕ್ಕು ಆ ಮನೆಯವರಿಗಿದೆ.

ಜಲಜನಕದ ಡ್ರೋನ್ ಹುಸಿ ಕನಸಲ್ಲ, ಅದರ ಕಾಲವೂ ಬರಬಹುದು. ಅಲ್ಲಿಯವರೆಗೆ ಪಂಚಾಯತಿಗಳು ಮಾಡಬಹುದಾದ ಕೆಲಸ ಕೈಯಳತೆಯಲ್ಲಿಯೇ ಇದೆ. ತಮ್ಮ ವ್ಯಾಪ್ತಿಯ ಆರೋಗ್ಯ ಕೇಂದ್ರದಲ್ಲಿ ವಿಷನಿರೋಧಕದ ಎಷ್ಟು ಶೀಶೆಗಳಿವೆ, ಅವುಗಳ ಅವಧಿ ಎಂದಿನವರೆಗೆ, ಮುಗಿದರೆ ಯಾವ ಆಸ್ಪತ್ರೆಯಿಂದ ಎಷ್ಟು ನಿಮಿಷದಲ್ಲಿ ಬರುತ್ತದೆ ಎಂಬುದನ್ನು ಮುಂದಿನ ಸಭೆಯೊಳಗೆ ವಿಚಾರಿಸಿ ನಡಾವಳಿಯಲ್ಲಿ ದಾಖಲಿಸಬೇಕು. ಆ ನಿಮಿಷಗಳ ಪಟ್ಟಿ ಕೈಯಲ್ಲಿದ್ದರೆ ಡ್ರೋನ್ ಬೇಕೇ, ಬೇಕಾದರೆ ಯಾವುದು ಎಂಬುದನ್ನು ಮಾರಾಟಗಾರರು ತೀರ್ಮಾನಿಸಬೇಕಾಗಿಲ್ಲ, ಸದಸ್ಯರೇ ತೀರ್ಮಾನಿಸಬಲ್ಲರು.